ಅತ್ತೆ ಕಡಲಿಗೆ ಇಳಿದದ್ದು

ಜನವರಿ 17, 2024, ಬುಧವಾರ

ಇವತ್ತು ಮನೆಯಲ್ಲಿ ನಡೆದದ್ದನ್ನು ಬರೆದಿಡುತ್ತೇನೆ. ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಆಸ್ಪತ್ರೆಯಲ್ಲಿ ನನ್ನ ವಾರ್ಡಿನ ಆಯಾ ಅಖ್ತರ್ ಬೇಗಂ ಸಂಜೆ ನಮ್ಮ ಮನೆಗೆ ಬಂದಿದ್ದರು. ಹಬ್ಬದ ಎಳ್ಳುಬೆಲ್ಲ ತೆಗೆದುಕೊಂಡು ಹೋಗಿ ಎಂದು ನಾನೇ ಕರೆದಿದ್ದೆ. ಅವರ ಮಗಳು ನಾಜಿಮಾ ಅಂಡಮಾನಿನಲ್ಲಿ ಕೆಲಸಕ್ಕಿದ್ದಾಳೆ ಎಂದು ಗೊತ್ತಿತ್ತು, ಯಾವುದೋ ಹೋಟೆಲಿನಲ್ಲಿ ಎಂದುಕೊಂಡಿದ್ದೆ. ಬೇಗಂ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಮದ್ದೂರಿನ ಹುಡುಗಿ, ಕಪ್ಪು ರಬ್ಬರ್ ಅಂಗಿ ತೊಟ್ಟು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಕಡಲ ತಳದಲ್ಲಿ ಒಬ್ಬ ಮುದುಕರ ತೋಳು ಹಿಡಿದು ತೇಲಿಸಿಕೊಂಡು ಹೋಗುತ್ತಿದ್ದಳು. ಸುತ್ತ ಹಳದಿ ಮೀನುಗಳು. ಪ್ರವಾಸಿಗಳನ್ನು ಬೆಳಿಗ್ಗೆ ದೋಣಿಯಲ್ಲಿ ಕಡಲ ಉದ್ಯಾನಕ್ಕೆ ಕರೆದುಕೊಂಡು ಹೋಗಿ, ನೀರೊಳಗೆ ಸುತ್ತಾಡಿಸಿ, ಸಂಜೆ ವಾಪಸ್ ತಂದುಬಿಡುವುದು ಅವಳ ಕೆಲಸವಂತೆ.

ಅವರೆಕಾಳು ಹಿತುಕುತ್ತಾ ಕೂತಿದ್ದ ಅತ್ತೆ ಕೈ ಒರೆಸಿಕೊಂಡು ಬಂದು ಮೊಬೈಲಿಗೆ ಬಗ್ಗಿದರು. ಮೂರು ಸಲ ಹಾಕಿಸಿಕೊಂಡು ನೋಡಿದರು.

"ವಯಸ್ಸಾದೋರ್ನೂ ಕರ್ಕಂಡೋಯ್ತಾಳಾ?"

"ಡಾಕ್ಟ್ರು ಚೀಟಿ ಕೊಟ್ರೆ ಕರ್ಕೊಂಡು ಹೋಗ್ತಾಳಮ್ಮ. ಈಜು ಬರ್ದಿದ್ರೂ ಆಯ್ತದಂತೆ" ಎಂದರು ಬೇಗಂ.

ಅವರು ಹೋದ ಮೇಲೆ ಅತ್ತೆ ಮತ್ತೆ ಅವರೆಕಾಳಿನ ಮುಂದೆ ಕೂತರು. ನನ್ನ ಮುಖ ನೋಡದೆ ಹೇಳಿದರು: "ಯುಗಾದಿ ಕಳುದ್ಮೇಲೆ ಯತೀಸನ ಮನೆಗೆ ಓಯ್ತೀನಲ್ಲ ನಾಗಮಣಿ, ಅದುಕ್ಕೆ ಮುಂಚೆ ನನ್ನ ಅಲ್ಗೆ ಒಂದ್ಸಲ ಕರ್ಕಂಡೋಗು."

ಏಳು ತಿಂಗಳಿಂದ ಈ ಮನೆಯಲ್ಲಿ ಉಪ್ಪು, ಗ್ಯಾಸು, ಕರೆಂಟು ಬಿಟ್ಟು ನಾವಿಬ್ಬರೂ ಬೇರೆ ಮಾತಾಡಿಲ್ಲ. ಮೊದಲನೆಯ ಮಾತೇ ಇದು!

ಜನವರಿ 21, ಭಾನುವಾರ

ಯತೀಶ ಮಳವಳ್ಳಿಯಿಂದ ಬಂದಿದ್ದ. ನನ್ನ ಮೈದುನ, ಅತ್ತೆಯ ಚಿಕ್ಕ ಮಗ, ಹೈಸ್ಕೂಲ್ ಮೇಷ್ಟ್ರು. ಅವನ ಹೆಂಡತಿ ನಯನಾಳ ರಜೆ ಮುಗಿಯುತ್ತದೆ, ಮಗುವನ್ನು ನೋಡಿಕೊಳ್ಳಲು ಅತ್ತೆ ಅಲ್ಲಿಗೆ ಹೋಗಬೇಕು. ಹೋದವರು ಅಲ್ಲೇ ಇರುತ್ತಾರೆ. ಅದು ಎಲ್ಲರಿಗೂ ಒಪ್ಪಿಗೆಯಾಗಿರುವ ವಿಷಯ. ನನಗೂ.

ಕಡಲಿನ ವಿಷಯ ಕೇಳಿ ಯತೀಶ ಎದ್ದು ನಿಂತುಬಿಟ್ಟ. "ಅರವತ್ತಾರು ವರ್ಷ ಕಣಮ್ಮ ನಿಂಗೆ! ಬಿಪಿ ಮಾತ್ರೆ ನುಂಗ್ತಿದ್ದೀಯ!"

"ಬೆಳಕವಾಡೀಲಿ ಉಟ್ಟಿದವಳು ಕಣ್ಲಾ ನಾನು. ಒಳೇಲಿ ಯಾರ ಬಿಂದಿಗೆ ಬಿದ್ರೂ ನನ್ನೇ ಕೂಗೋರು. ಎರಡಾಳುದ್ದ ಮುಳುಗಿ ತಕ್ಕೊಡ್ತಿದ್ದೆ. ನಿಮ್ಮಪ್ಪನ್ನ ಕಟ್ಕಂಡು ಈ ಗುತ್ತಲಿಗೆ ಬಂದ್ಮೇಲೆ ನಲ್ಲಿ ನೀರು ಬುಟ್ಟು ಬೇರೆ ನೀರು ಕಂಡಿಲ್ಲ."

ಇಪ್ಪತ್ತು ವರ್ಷ ಒಂದೇ ಅಡಿಗೆಮನೆಯಲ್ಲಿ ಓಡಾಡಿದ್ದೇವೆ. ಅತ್ತೆಗೆ ಈಜು ಬರುತ್ತದೆಂದು ನನಗೆ ಇವತ್ತು ಗೊತ್ತಾಯಿತು. ಇವರಿಗೆ, ರಾಜೇಂದ್ರರಿಗೆ, ಗೊತ್ತಿತ್ತೋ ಏನೋ. ಕೇಳಲು ಅವರಿಲ್ಲ.

ನಾನು ಕರೆದುಕೊಂಡು ಹೋಗುತ್ತೇನೆ ಎಂದೆ. ಯತೀಶ ನನ್ನನ್ನೂ ಬೈದ. ನನ್ನ ಲೆಕ್ಕ ಬೇರೆ: ಇದೊಂದು ಮಾಡಿಸಿ ಮಳವಳ್ಳಿಗೆ ಕಳಿಸಿಬಿಟ್ಟರೆ, ಸೊಸೆ ಅನ್ನಿಸಿಕೊಂಡವಳು ಮಾಡಬೇಕಾದ್ದೆಲ್ಲ ಮುಗಿಯುತ್ತದೆ. ಆಮೇಲೆ ಬಾಗಿಲು ಹಾಕಿಕೊಂಡು ಒಬ್ಬಳೇ ಇರಬಹುದು. ಮಕ್ಕಳಿಲ್ಲದ ಮನೆ, ಸದ್ದಿಲ್ಲದೆ ಇರುತ್ತದೆ.

ಫೆಬ್ರವರಿ 2, ಶುಕ್ರವಾರ

ಅತ್ತೆಗೆ ಇಸಿಜಿ, ಎಕೋ, ಟ್ರೆಡ್‌ಮಿಲ್ ಎಲ್ಲ ಆಯಿತು. ಟ್ರೆಡ್‌ಮಿಲ್ ಮೇಲೆ ಸೀರೆ ಎತ್ತಿ ಕಟ್ಟಿಕೊಂಡು ಗದ್ದೆ ಬದುವಿನ ಮೇಲೆ ನಡೆದ ಹಾಗೆ ನಡೆದರು. ಡಾಕ್ಟರು ಫಾರಂ ಎರಡೆರಡು ಸಲ ಓದಿ, "ಯಾಕಜ್ಜಿ ಇದೆಲ್ಲ?" ಎಂದರು.

"ಮೀನು ನೋಡಕ್ಕೆ."

ಬಿಪಿ ಹತೋಟಿಯಲ್ಲಿರಬೇಕು, ಮಾತ್ರೆ ಒಂದು ದಿನವೂ ತಪ್ಪಬಾರದು ಎಂದು ಬರೆದು ಸಹಿ ಹಾಕಿದರು.

ಎಕೋ ಕೋಣೆಯಲ್ಲಿ ಅತ್ತೆಯ ಹೃದಯ ಪರದೆಯ ಮೇಲೆ ಬಡಿದುಕೊಳ್ಳುತ್ತಿತ್ತು. ಅದನ್ನೇ ನೋಡುತ್ತ ನಿಂತಿದ್ದೆ. ಮಗನಿಗೆ ಇದನ್ನು ಒಂದು ಸಲ ಮಾಡಿಸಿದ್ದರೆ. ನಲವತ್ತೆಂಟು ವರ್ಷ. ಹೆಂಡತಿ ನರ್ಸು.

ಜೂನ್ ಒಂಬತ್ತರ ಸಂಜೆ ಇವರು ಎದೆ ಹಿಡಿದುಕೊಂಡು ಕೂತಾಗ ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ. ಗ್ಯಾಸ್ ಇರಬೇಕೆಂದು ಓಂಕಾಳಿನ ಕಷಾಯ ಕುಡಿಸಿ ಮಲಗಿಸಿದರಂತೆ. ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಆಸ್ಪತ್ರೆಯಿಂದ ಮನೆಗೆ ಆಟೋದಲ್ಲಿ ಹತ್ತು ನಿಮಿಷ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಯಾಕೆ ಮಾಡಲಿಲ್ಲ ಎಂದು ನಾನು ಅವರನ್ನು ಕೇಳಿಲ್ಲ. ಕೇಳಲು ಶುರುಮಾಡಿದರೆ ಎಲ್ಲಿ ನಿಲ್ಲಿಸುತ್ತೇನೋ ಗೊತ್ತಿಲ್ಲ.

ಫೆಬ್ರವರಿ 11, ಭಾನುವಾರ

ಬಾಯಿಂದ ಮಾತ್ರ ಉಸಿರಾಡುವುದನ್ನು ರೂಢಿ ಮಾಡಿಕೊಳ್ಳಿ ಎಂದು ನಾಜಿಮಾ ಫೋನಿನಲ್ಲಿ ಹೇಳಿದ್ದಳು. ಅತ್ತೆ ಮೂಗಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿಕೊಂಡು ಒಗ್ಗರಣೆ ಹಾಕುತ್ತಿದ್ದಾರೆ. ಸ್ನಾನದ ಬಕೆಟ್ಟಿಗೆ ಮುಖ ಮುಳುಗಿಸಿ, ಪೈಪಿನ ತುಂಡು ಬಾಯಲ್ಲಿಟ್ಟುಕೊಂಡು ಐದು ನಿಮಿಷ ಇದ್ದರು. ಗಡಿಯಾರ ಹಿಡಿದು ನಿಂತವಳು ನಾನು. ನಾನೂ ಪ್ರಯತ್ನಿಸಿದೆ. ಹನ್ನೊಂದು ಸೆಕೆಂಡಿಗೆ ತಲೆ ಎತ್ತಿದೆ.

ಫೆಬ್ರವರಿ 20, ಮಂಗಳವಾರ, ಪೋರ್ಟ್ ಬ್ಲೇರ್

ವಿಮಾನ ಇಬ್ಬರಿಗೂ ಹೊಸದು. ಅತ್ತೆ ಕಿಟಕಿ ಪಕ್ಕ ಕೂತು ಮೂರು ಗಂಟೆ ರೆಪ್ಪೆ ಮುಚ್ಚಲಿಲ್ಲ. ನಾನು ಕಣ್ಣು ಬಿಡಲಿಲ್ಲ.

ನಾಜಿಮಾ ಸ್ಕೂಟರಿನಲ್ಲಿ ಬಂದು ನಮಗೆ ಆಟೋ ಮಾಡಿಕೊಟ್ಟಳು. ಇಪ್ಪತ್ತೆಂಟು ವರ್ಷ. ಗಿಡ್ಡ, ಬಿಸಿಲಿಗೆ ಕರಕಾದ ಮುಖ, ಉಪ್ಪುನೀರಿಗೆ ಕೆಂಪಾದ ಕೂದಲು. ಅವಳ ಅಮ್ಮ ಕಳಿಸಿದ್ದ ಮೂರು ಕೆಜಿ ರಾಗಿಹಿಟ್ಟಿನ ಚೀಲ ಕೊಟ್ಟೆ. ಬಿಚ್ಚಿ ಮೂಸಿ ನೋಡಿದಳು. "ಇಲ್ಲಿ ಎಲ್ಲಾ ಸಿಗ್ತದೆ ಅಕ್ಕ, ಇದೊಂದು ಬಿಟ್ಟು" ಎಂದಳು.

ಅವಳಿರುವ ಕೋಣೆಯ ಹಿಂದೆಯೇ ಸಿಲಿಂಡರಿಗೆ ಗಾಳಿ ತುಂಬುವ ಶೆಡ್ಡು. ಅದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಇದೇ ಗಾಳಿಯನ್ನು ಒತ್ತಿ ಒತ್ತಿ ತುಂಬಿರುವುದು ಎಂದು ವಿವರಿಸಿದಳು. ನರ್ಸಾದ ನಾನೂ ಆಕ್ಸಿಜನ್ ಎಂದೇ ತಿಳಿದಿದ್ದೆ. ಮಾತಿನ ನಡುವೆ ಸುಮ್ಮನಾಗಿ ಕಿವಿ ಕೊಟ್ಟಳು. ಕಂಪ್ರೆಸರಿನ ಸದ್ದು ನನಗೆ ಮೊದಲಿನ ಹಾಗೇ ಕೇಳಿಸಿತು. ಅವಳು ಓಡಿಹೋಗಿ ಆಫ್ ಮಾಡಿಸಿ, ಒಂದು ವಾಲ್ವ್ ಬದಲಾಯಿಸಿ ಬಂದಳು.

"ಅಪ್ಪನ ಅಂಗಡೀಲಿ ಇದೇ ಸದ್ದು ಕೇಳ್ಕಂಡು ಬೆಳೆದಿದ್ದು ಅಕ್ಕ."

ಅವಳಪ್ಪ ಫಕ್ರುದ್ದೀನ್ ಸಾಹೇಬರು ಮದ್ದೂರಿನಲ್ಲಿ ಪಂಪು, ಕಂಪ್ರೆಸರ್ ರಿಪೇರಿ ಮಾಡುವವರು. ಮಗಳು ಈ ಕೆಲಸಕ್ಕೆ ಬಂದಾಗ ಒಂದು ವರ್ಷ ಮಾತು ಬಿಟ್ಟಿದ್ದರಂತೆ. ಆಮೇಲೆ ಒಂದು ದಿನ ಫೋನ್ ಮಾಡಿ, ಚೆನ್ನಾಗಿದ್ದೀಯಾ ಎಂದೂ ಕೇಳದೆ, "ನಿಮ್ಮಲ್ಲಿರೋ ಕಂಪ್ರೆಸರ್ ಯಾವ ಕಂಪನೀದು? ಫಿಲ್ಟರ್ ಎಷ್ಟು ದಿನಕ್ಕೆ ಬದಲಾಯಿಸ್ತಾರೆ?" ಎಂದರಂತೆ. ಅಲ್ಲಿಂದ ವಾರಕ್ಕೊಮ್ಮೆ ಫೋನ್, ಅದೇ ಪ್ರಶ್ನೆ.

ಅತ್ತೆ ನಕ್ಕರು. ಅವರ ನಗು ಕೇಳಿ ಎಷ್ಟು ದಿನವಾಗಿತ್ತು.

ಫೆಬ್ರವರಿ 21, ಬುಧವಾರ

ಇವತ್ತು ದಡದ ಹತ್ತಿರ, ಎದೆಮಟ್ಟದ ನೀರಿನಲ್ಲಿ ಅಭ್ಯಾಸ.

ರಬ್ಬರ್ ಅಂಗಿ ಹಾಕಿಕೊಳ್ಳುವುದೇ ಅರ್ಧ ಗಂಟೆ. ಅತ್ತೆ ಕೊರಳಿನ ಸರ, ಕೈಬಳೆ ಎಲ್ಲ ಬಿಚ್ಚಿಕೊಟ್ಟು, ಅಂಗಿಯೊಳಗೆ ತೂರಿಕೊಂಡು, ಕನ್ನಡಿಯಲ್ಲಿ ನೋಡಿಕೊಂಡು, "ಥೇಟ್ ಎಮ್ಮೆಕರ" ಎಂದರು. ನಾಜಿಮಾ ಕೈಸನ್ನೆಗಳನ್ನು ಕಲಿಸಿದಳು. ನೀರೊಳಗೆ ಮಾತಿಲ್ಲ. ಹೆಬ್ಬೆರಳು ಮೇಲೆ ಮಾಡಿದರೆ 'ಮೇಲಕ್ಕೆ ಹೋಗೋಣ'. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ 'ಚೆನ್ನಾಗಿದ್ದೇನೆ'. ಅಂಗೈ ಅಗಲಿಸಿ ಅಲ್ಲಾಡಿಸಿದರೆ 'ಏನೋ ಸರಿಯಿಲ್ಲ'. ಎಲ್ಲಕ್ಕಿಂತ ಮುಖ್ಯ, ಉಸಿರು ಕಟ್ಟಬಾರದು.

ಅತ್ತೆ ಮುಳುಗಿದರು. ಅಷ್ಟೇ. ಗುಳ್ಳೆಗಳು ಒಂದೇ ಸಮನೆ ಬರತೊಡಗಿದವು. ಎದ್ದು ಬಂದು, "ಇಷ್ಟೇಯಾ?" ಎಂದರು.

ನನ್ನ ಸರದಿ. ಮುಖ ನೀರಿಗಿಟ್ಟ ಕ್ಷಣ ಎದೆ ಬಿಗಿಯಿತು. ಬಾಯಿಯ ಕೊಳವೆ ಕಿತ್ತು, ಉಪ್ಪುನೀರು ಕುಡಿದು, ಕೆಮ್ಮುತ್ತಾ ನಿಂತೆ. ಎರಡನೆಯ ಸಲವೂ ಅದೇ. ಮೂರನೆಯ ಸಲ ನಾನೇ ಬೇಡವೆಂದೆ. ನಾಜಿಮಾ, "ಸರಿ ಅಕ್ಕ" ಎಂದು ಸುಮ್ಮನಾದಳು. ಅಯ್ಯೋ ಪಾಪ ಎನ್ನಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಅದು ನನಗೆ ಹಿಡಿಸಿತು.

ಫೆಬ್ರವರಿ 22, ಗುರುವಾರ

ಬೆಳಿಗ್ಗೆ ಆರೂವರೆಗೆ ಜೆಟ್ಟಿ. ಉದ್ಯಾನಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಅರಣ್ಯ ಇಲಾಖೆಯವರು ಚೀಲ ತಡಕಿದರು. ಅತ್ತೆಯ ಎಲೆಅಡಿಕೆ ಕವರು ಹೊರಗಾಯಿತು. ನಲವತ್ತು ವರ್ಷದ ಚಟ. ಚಕಾರ ಎತ್ತಲಿಲ್ಲ.

ದೋಣಿ ಹೊರಡುವ ಮೊದಲು ಪ್ರತಿಯೊಬ್ಬರ ಫಾರಂ ನೋಡುವುದು ನಾಜಿಮಾಳ ಕ್ರಮ. ಅತ್ತೆಯ ಬಿಪಿ ನೋಡಲು ನನಗೇ ಹೇಳಿದಳು. ನನ್ನ ಉಪಕರಣ ನಾನೇ ತಂದಿದ್ದೆ. ಪಟ್ಟಿ ಕಟ್ಟಿದೆ. ನೂರ ಐವತ್ತೆಂಟು, ತೊಂಬತ್ತಾರು. ಮತ್ತೆ ನೋಡಿದೆ. ಅಷ್ಟೇ.

ಅತ್ತೆ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು: "ನೂರಾ ಮೂವತ್ತು ಅನ್ನು."

"ಮಾತ್ರೆ ತಗೊಂಡ್ರಾ ಅತ್ತೆ?"

ತಲೆ ಅಲ್ಲಾಡಿಸಿದರು. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಆ ಮಾತ್ರೆ ನುಂಗಿದರೆ ಗಳಿಗೆಗೊಮ್ಮೆ ಒಂದಕ್ಕೆ ಹೋಗಬೇಕು, ಆ ರಬ್ಬರ್ ಅಂಗಿಯಲ್ಲಿ ಏನು ಮಾಡುವುದು ಎಂದು ಬಿಟ್ಟಿದ್ದಾರೆ!

ನಾನು ನಾಜಿಮಾಗೆ ನಿಜವಾದ ಅಂಕಿ ಹೇಳಿದೆ.

"ಇವತ್ತು ಬೇಡ ಅಜ್ಜಿ" ಎಂದಳು ಅವಳು.

"ಅಷ್ಟು ದೂರದಿಂದ ಬಂದಿವ್ನಿ ಕಣವ್ವ! ನಂಗೇನಾಗದೆ? ಕಲ್ಲು ಇದ್ದಂಗಿವ್ನಿ."

"ನೀರು ನಾಳೆನೂ ಇರ್ತದೆ ಅಜ್ಜಿ. ನೀವೂ ಇರ್ಬೇಕಲ್ಲ."

ಅತ್ತೆ ದೋಣಿಯ ಹಿಂಬದಿಗೆ ಹೋಗಿ ನನಗೆ ಬೆನ್ನು ಹಾಕಿ ಕೂತರು. ನೀರಿಗಿಳಿಯದಿದ್ದರೂ ದೋಣಿಯಲ್ಲಿ ಬರಬಹುದಿತ್ತು, ಬಂದೆವು. ದಾರಿಯುದ್ದಕ್ಕೂ ಆ ನೀರಿನ ಬಣ್ಣ ಏನು ಹೇಳಲಿ! ಆಳದಲ್ಲಿ ಗಾಢ ನೀಲಿ, ದ್ವೀಪದ ಹತ್ತಿರ ಬಂದಂತೆ ಪಚ್ಚೆ, ಕೊನೆಗೆ ಗಾಜು. ತಳದ ಮರಳಿನ ಮೇಲೆ ನಮ್ಮ ದೋಣಿಯ ನೆರಳು ಬಿದ್ದಿತ್ತು.

ಗುಂಪಿನಲ್ಲಿ ಒಬ್ಬ ದೊಡ್ಡ ಮನುಷ್ಯ ಕ್ಯಾಮೆರಾ ಹಿಡಿದು ಬಂದಿದ್ದ. ಎಲ್ಲರಿಗಿಂತ ಜೋರು ದನಿ. ಇಳಿದ ಹತ್ತು ನಿಮಿಷಕ್ಕೆ ನಾಜಿಮಾ ಅವನನ್ನು ಕರೆದುಕೊಂಡು ಮೇಲೆ ಬಂದಳು. ಹವಳದ ಮೇಲೆ ಕಾಲಿಟ್ಟು ನಿಂತನಂತೆ, ಎರಡು ಸಲ ತಡೆದರೂ ಕೇಳಲಿಲ್ಲವಂತೆ. "ದುಡ್ಡು ಕೊಟ್ಟಿದ್ದೀನಿ" ಎಂದು ಹಿಂದಿಯಲ್ಲಿ ಕೂಗಾಡಿದ. ನಾಜಿಮಾ ದನಿ ಏರಿಸಲೇ ಇಲ್ಲ. ಅವನ ಸಿಲಿಂಡರ್ ಬಿಚ್ಚಿಕೊಂಡು, ಕುಡಿಯಲು ನೀರು ಕೊಟ್ಟು, ನೆರಳಿನಲ್ಲಿ ಕೂರಿಸಿ, ಮತ್ತೊಬ್ಬರನ್ನು ಕರೆದುಕೊಂಡು ಇಳಿದಳು. ಅಂಗೈಯಗಲ ಹವಳ ಬೆಳೆಯಲು ಎಷ್ಟೋ ವರ್ಷ ಬೇಕಂತೆ. ಮೂರು ವರ್ಷದಿಂದ ಒಂದೇ ಒಂದು ಹವಳದ ಕೊನೆ ಬೆಳೆಯುವುದನ್ನು ಅವಳು ದಿನವೂ ನೋಡುತ್ತಿದ್ದಾಳೆ. ಒಂದು ಗೇಣೂ ಆಗಿಲ್ಲವಂತೆ.

ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. ಮಧ್ಯಾಹ್ನ ದ್ವೀಪದ ಮರಳಿನಲ್ಲಿ, ಮರದ ನೆರಳಿಗೆ ಬಂದು ನನ್ನಿಂದ ಒಂದು ಮಾರು ದೂರ ಕೂತರು.

"ಆ ಉಡುಗಿ ಯಾರ್ಗೂ ಬಗ್ಗಕಿಲ್ಲ" ಎಂದರು. ಆಮೇಲೆ, "ಅವಳು ಸರಿ. ನೀನು ನನ್ನ ಮನೆಯವಳು. ನೀನೊಂದು ಸುಳ್ಳು ಏಳ್ಬೌದಿತ್ತು."

ನನ್ನ ಬಾಯಿಂದ ಬಂದುಬಿಟ್ಟಿತು: "ಸುಮ್ಮನಿದ್ದರೆ ಏನಾಗ್ತದೆ ಅಂತ ಒಂದ್ಸಲ ನೋಡಿದ್ದೀನಿ ಅತ್ತೆ."

ಎಂಟು ತಿಂಗಳು ಹಲ್ಲು ಕಚ್ಚಿ ಹಿಡಿದಿದ್ದ ಮಾತು.

ಅತ್ತೆ ತುಂಬಾ ಹೊತ್ತು ಮರಳನ್ನು ಮುಷ್ಟಿಗೆ ತುಂಬಿಕೊಂಡು ಬಿಡುತ್ತಿದ್ದರು. "ಫೋನು ಕೈಗೆ ತಕ್ಕಂಡಿದ್ದೆ ಕಣವ್ವ" ಎಂದರು. "ನಿನ್ನ ಎಸ್ರು ಒತ್ಬೇಕು ಅಷ್ಟೇ. ಅವನು ಕೈ ಇಡ್ಕಂಡ. 'ಬ್ಯಾಡ ಕಣವ್ವ, ಗ್ಯಾಸು, ಅವಳು ಡ್ಯೂಟಿ ಬುಟ್ಟು ಎದ್ನೋ ಬಿದ್ನೋ ಅಂತ ಓಡ್ಬತ್ತಾಳೆ' ಅಂದ. ನಾನು ಅವನ ಮಾತು ಕೇಳ್ದೆ. ನಲವತ್ತೆಂಟು ವರ್ಸದಲ್ಲಿ ಅದೊಂದೇ ಸಲ ಕಣವ್ವ ನಾನು ಅವನ ಮಾತು ಕೇಳಿದ್ದು."

"ನನಗೆ ಹೇಳಲೇ ಇಲ್ಲ ನೀವು."

"ನೀನು ಕೇಳ್ಲಿಲ್ಲ. ಕೇಳ್ದೇ ನೋಡ್ತಿದ್ದೆ. ಆ ನೋಟಕ್ಕೆ ಏನಂತ ಏಳ್ಳಿ?"

ನನಗೆ ಅಳು ಬಂದುಬಿಟ್ಟಿತು. ಅವರು ಅಳಲಿಲ್ಲ. ಎದ್ದು ಬಂದು ಪಕ್ಕದಲ್ಲಿ ಕೂತು, ಸೆರಗಿನಿಂದ ನನ್ನ ಮುಖ ಒರೆಸಿದರು. ಸೆರಗಿನ ತುಂಬ ಮರಳಿತ್ತು, ಕೆನ್ನೆ ಉರಿಯಿತು. ಇಬ್ಬರೂ ಅದಕ್ಕೇ ನಕ್ಕುಬಿಟ್ಟೆವು.

ವಾಪಸ್ ಬರುವಾಗ ದೋಣಿಯಲ್ಲೇ ಅವರಿಗೆ ಮಾತ್ರೆ ನುಂಗಿಸಿದೆ. ಒಂದಕ್ಕೆ ಬಂದರೆ ಏನು ಮಾಡಬೇಕೆಂದು ನಾಜಿಮಾಳನ್ನೇ ಕೇಳಿದೆ. "ಎಲ್ಲರೂ ಅಂಗಿ ಒಳಗೇ ಮಾಡೋದು ಅಕ್ಕ, ಯಾರೂ ಬಾಯಿಬಿಡಲ್ಲ. ಸಂಜೆ ತೊಳೆಯೋಳು ನಾನು" ಎಂದಳು. ಅತ್ತೆ ಕೈ ಮುಗಿದರು.

ಫೆಬ್ರವರಿ 23, ಶುಕ್ರವಾರ

ನೂರ ಮೂವತ್ನಾಲ್ಕು, ಎಂಬತ್ತೆರಡು! ಸಂಖ್ಯೆಯನ್ನು ನಾನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದೆನಂತೆ. ನಾಜಿಮಾ ಆಡಿಕೊಂಡಳು.

ಒಂಬತ್ತು ಗಂಟೆಗೆ ಅತ್ತೆ ಇಳಿದರು. ದೋಣಿಯ ಅಂಚಿನಲ್ಲಿ ಬೆನ್ನು ಹಾಕಿ ಕೂತು, ಮುಖವಾಡ ಒತ್ತಿ ಹಿಡಿದು, ಹಿಂದಕ್ಕೆ ಬಿದ್ದರು. ಅರವತ್ತಾರು ವರ್ಷದ ಹೆಂಗಸು ಹಾಗೆ ಬೀಳುವುದನ್ನು ನೋಡಿದ ದೋಣಿಯವರು ಚಪ್ಪಾಳೆ ತಟ್ಟಿದರು. ಅವರ ತಲೆ ಒಮ್ಮೆ ಮೇಲೆ ಬಂತು, ಸೊನ್ನೆ ಸನ್ನೆ ಮಾಡಿದರು, ಮತ್ತೆ ಇಲ್ಲ.

ಇಪ್ಪತ್ತಾರು ನಿಮಿಷ. ನಾನು ಗುಳ್ಳೆಗಳನ್ನು ನೋಡುತ್ತ ಕೂತೆ. ಎರಡು ಸಾಲು, ಒಂದು ನಾಜಿಮಾಳದು, ಒಂದು ಅತ್ತೆಯದು. ಎಷ್ಟು ರೋಗಿಗಳ ಉಸಿರನ್ನು ಎಣಿಸಿದ್ದೇನೆ ಜೀವಮಾನದಲ್ಲಿ! ನಿಮಿಷಕ್ಕೆ ಹನ್ನೆರಡು, ಹದಿಮೂರು. ನಿದ್ದೆ ಮಾಡುವವರ ಉಸಿರಿನಷ್ಟು ನಿಧಾನ. ಹೆದರಿದವರ ಉಸಿರು ಹಾಗಿರುವುದಿಲ್ಲ. ಅವರು ಅಲ್ಲಿ ಕೆಳಗೆ ಸುಖವಾಗಿದ್ದಾರೆಂದು ಯಾರೂ ಹೇಳದೆಯೇ ನನಗೆ ತಿಳಿಯಿತು.

ಮೇಲೆ ಬಂದರು. ನಾನು ಕೈಕೊಟ್ಟು ಎಳೆದುಕೊಂಡೆ. ಮುಖವಾಡ ಒತ್ತಿದ ಗುರುತು ಕಣ್ಣ ಸುತ್ತ ಕೆಂಪಗೆ.

"ಎಂಗಿತ್ತು ಅಜ್ಜಿ?" ಎಂದು ನಾಜಿಮಾ ಕೇಳಿದಳು.

"ಒಂದು ಮೀನು ಬಂದು ಮೊಕದ ಮುಂದೆ ನಿಂತ್ಕತು. ಮೂತಿ ಉಬ್ಬುಸ್ಕಂಡು. ಥೇಟ್ ನಮ್ಮ ಬೀದಿ ಪಟ್ಟಲಮ್ಮ! ಸುಂಕ ಕೇಳ್ದಂಗೆ ನಿಂತಿತ್ತು, ನಾನೂ ಬುಡ್ಲಿಲ್ಲ, ಗುರಾಯಿಸ್ದೆ. ಅದೇ ಓಯ್ತು." ದೋಣಿಯೆಲ್ಲ ನಕ್ಕಿತು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅಲ್ಲಿ ಭಾರಾನೇ ಇಲ್ಲ ಕಣೆ. ಮೈ ಇರದೇ ಗೊತ್ತಾಗಕಿಲ್ಲ. ಮಂಡಿ ನೋವೂ ಇಲ್ಲ, ಯಾವ್ದೂ ಇಲ್ಲ" ಎಂದರು.

ನಾಜಿಮಾ ನನ್ನನ್ನು ನೋಡಿದಳು. ಬಾಯಿ ತೆರೆಯುವ ಮೊದಲೇ ಅತ್ತೆ ತಡೆದರು. "ಅವಳ್ಗೆ ಬಲವಂತ ಮಾಡ್ಬ್ಯಾಡ ಕಣವ್ವ. ಇಪ್ಪತ್ತು ವರ್ಸ ನೋಡಿವ್ನಿ. ಬಲವಂತ ಮಾಡುದ್ರೆ ಕಲ್ಲಾಯ್ತಾಳೆ. ಸುಮ್ಕಿದ್ರೆ ಅವಳೇ ಎದ್ದೋಯ್ತಾಳೆ."

ಎದ್ದೆ.

ನಾಜಿಮಾ ನನ್ನನ್ನು ಏಣಿಯಿಂದ ಇಳಿಸಿದಳು. ಹಗ್ಗ ಹಿಡಿದು ಒಂದೊಂದೇ ಮೊಳ. ಕಿವಿ ಒತ್ತಿತು, ಮೂಗು ಹಿಡಿದು ಊದಿದೆ, ಟಪ್ಪೆಂದು ಬಿಟ್ಟಿತು. ಎರಡಾಳು ಆಳದಲ್ಲಿ ಮೊನ್ನೆಯದೇ ಬಿಗಿತ ಎದೆಗೆ ಬಂತು. ಬಾಯಿಯ ಕೊಳವೆಗೆ ಕೈ ಹೋಯಿತು. ಅವಳು ನನ್ನ ಕೈಯನ್ನು ಒತ್ತಿ ಹಿಡಿದು, ಮುಖದ ಹತ್ತಿರ ಮುಖ ತಂದು, ಇನ್ನೊಂದು ಅಂಗೈಯನ್ನು ನಿಧಾನಕ್ಕೆ ಮೇಲೆತ್ತಿದಳು, ನಿಧಾನಕ್ಕೆ ಕೆಳಗಿಳಿಸಿದಳು. ಎಳೆದುಕೊಳ್ಳಿ. ಬಿಡಿ. ಎಳೆದುಕೊಳ್ಳಿ. ಬಿಡಿ. ದಮ್ಮು ಹತ್ತಿದ ರೋಗಿಗಳ ಮುಂದೆ ನಾನು ಮಾಡುವುದೂ ಇದೇ ಸನ್ನೆ. ಅಂಥ ಕಣ್ಣುಗಳೆದುರು ಮಲಗಿರುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಎಷ್ಟು ದೊಡ್ಡ ಆಸರೆ! ಅವಸರವಿಲ್ಲ, ಬೇಸರವಿಲ್ಲ. ನಿಮ್ಮನ್ನು ಬಿಟ್ಟು ನನಗೆ ಬೇರೆ ಕೆಲಸವೇ ಇಲ್ಲ ಎನ್ನುವ ಕಣ್ಣು.

ಬಿಗಿತ ಸಡಿಲಿತು. ಸೊನ್ನೆ ತೋರಿಸಿದೆ.

ಆಮೇಲೆ ಕಂಡದ್ದನ್ನು ಬರೆಯಲು ನನ್ನಿಂದಾಗುವುದಿಲ್ಲ, ಆದರೂ ಬರೆಯುತ್ತೇನೆ. ಹವಳವೆಂದರೆ ಕೆಂಪು ಮಣಿ ಎಂದುಕೊಂಡಿದ್ದವಳು ನಾನು. ಕೊಡೆಯಂತೆ ಅಗಲವಾಗಿ ಹರಡಿದ್ದು, ಜಿಂಕೆಕೊಂಬಿನಂತೆ ಕವಲೊಡೆದದ್ದು, ಮಿದುಳಿನಂತೆ ಸುತ್ತಿಕೊಂಡದ್ದು, ಎಲ್ಲ ಜೀವವಿರುವ ಗೋಡೆಗಳು. ಅಲ್ಲಲ್ಲಿ ಬೆಳ್ಳಗೆ ಸತ್ತ ತೇಪೆಗಳೂ ಇದ್ದವು. ನಾಜಿಮಾ ಅವನ್ನು ಮುಚ್ಚಿಡದೆ ಬೆರಳು ಮಾಡಿ ತೋರಿಸಿದಳು. ಹಸಿರು ನೀಲಿ ಮೀನೊಂದು ಗಿಣಿಯ ಕೊಕ್ಕಿನಂಥ ಬಾಯಲ್ಲಿ ಹವಳದ ಬಂಡೆಯನ್ನು ಕೆರೆದು ತಿನ್ನುತ್ತಿತ್ತು. ಕಡಲೆಕಾಳು ಅಗಿದಂತೆ ಕರುಂ ಕುರುಂ ಸದ್ದು ನೀರೊಳಗೂ ಕೇಳಿಸಿತು! ಮೊರದಗಲದ ಚಿಪ್ಪೊಂದು ನೇರಳೆ ತುಟಿ ತೆರೆದುಕೊಂಡಿತ್ತು, ನನ್ನ ನೆರಳು ಬಿದ್ದೊಡನೆ ನಾಚಿದಂತೆ ಮುಚ್ಚಿಕೊಂಡಿತು. ಮೇಲೆ ನೋಡಿದೆ. ಬೆಳಕು ಇಳಿದು ಬರುತ್ತಿತ್ತು. ಬೆಳಕಿನ ನಡುವೆ ದೋಣಿಯ ಹೊಟ್ಟೆ, ಅದರ ಅಂಚಿನಲ್ಲಿ ನೀರಿಗೆ ಬಗ್ಗಿ ನಮ್ಮನ್ನೇ ಹುಡುಕುತ್ತಿದ್ದ ಒಂದು ತಲೆ. ಅತ್ತೆಯದು.

ನನ್ನ ಉಸಿರಿನ ಸದ್ದನ್ನು ನಾನು ಮೊದಲ ಸಲ ಕೇಳಿಸಿಕೊಂಡೆ. ಚೆನ್ನಾಗಿತ್ತು.

ಮುಂದೆ ಬರೆಯಲು ನಿದ್ದೆ ಬಿಡುತ್ತಿಲ್ಲ.

ಫೆಬ್ರವರಿ 24, ಶನಿವಾರ

ಮುಳುಗಿದ ಮೇಲೆ ಒಂದು ದಿನ ವಿಮಾನ ಹತ್ತಬಾರದಂತೆ, ಹಾಗಾಗಿ ಇವತ್ತು ಬಿಡುವು. ಅತ್ತೆ ನಾಜಿಮಾಳ ಕೋಣೆಯಲ್ಲಿ ಮುದ್ದೆ ತೊಳಸಿದರು. ಮೀನಿನ ಸಾರು. ನಾಜಿಮಾ ಎರಡು ಮುದ್ದೆ ನುಂಗಿ, ಮೂರನೆಯದಕ್ಕೆ ತಟ್ಟೆ ಒಡ್ಡಿದಳು. ಅವಳಪ್ಪ ಫೋನ್ ಮಾಡಿದ್ದರು. ಅತ್ತೆ ಕಸಿದುಕೊಂಡು, "ಸಾಯೇಬ್ರೇ, ನಿಮ್ಮ ಮಗಳ ಕೈಗೆ ನನ್ನ ಜೀವ ಕೊಟ್ಟಿದ್ದೆ. ವಸಿನೂ ಮುಕ್ಕಾಗ್ದಂಗೆ ತಂದ್ಕೊಟ್ಳು" ಎಂದರು. ಆ ಕಡೆ ಏನು ಹೇಳಿದರೋ. ನಾಜಿಮಾ ಸಿಲಿಂಡರ್ ನೋಡಿ ಬರುತ್ತೇನೆಂದು ಹೊರಗೆ ಹೋದವಳು ತುಂಬಾ ಹೊತ್ತು ಬರಲಿಲ್ಲ.

ಏಪ್ರಿಲ್ 14, ಭಾನುವಾರ

ಯತೀಶ ಕಾರು ತಂದಿದ್ದ. ಅತ್ತೆ ಮಳವಳ್ಳಿಗೆ ಹೋದರು. ಇರಿ ಎಂದು ನಾನು ಹೇಳಲಿಲ್ಲ, ಮಗುವಿಗೆ ಅವರು ಬೇಕು. ಕಾರು ಹತ್ತುವಾಗ ಹೇಳಿದ್ದು ಇಷ್ಟೇ: "ಮಾತ್ರೆ ಡಬ್ಬಿ ಮೇಲೆ ವಾರದ ಹೆಸರು ಬರೆದಿದ್ದೀನಿ. ನಾನು ಬಂದು ನೋಡ್ತೀನಿ."

"ಬರ್ದೇ ಎಲ್ಗೋಯ್ತೀಯ" ಎಂದರು.

ಸಂಜೆ ಇಬ್ಬರಿಗಾಗುವಷ್ಟು ಅನ್ನ ಮಾಡಿಬಿಟ್ಟೆ. ಫೋನಿನಲ್ಲಿ ಮಾತಾಡುತ್ತಾ ಉಂಡೆ. ಮಗು ಅವರ ಮೂಗುಬೊಟ್ಟು ಹಿಡಿದು ಎಳೆಯಿತಂತೆ. ಇವರ ಚಿಕ್ಕಂದಿನ ಚಾಳಿಯೂ ಅದೇ ಆಗಿತ್ತಂತೆ. ಇನ್ನೇನೇನೋ ಹೇಳಿದರು ಇವರ ಬಗ್ಗೆ. ಸಾರು ಆರಿಹೋಯಿತು.

ಏಪ್ರಿಲ್ 28, ಭಾನುವಾರ, ಹಲಗೂರು

ನಯನಾಳ ತವರಿನ ತೋಟ. ಮಗುವನ್ನು ನೋಡಲು ಎಂದು ಬಸ್ಸು ಹತ್ತಿ ಬಂದೆ. ಬಂದವಳನ್ನು ಅತ್ತೆ ನೇರ ಬಾವಿಗೆ ಕರೆದುಕೊಂಡು ಹೋದರು. ಈ ಬಿರುಬೇಸಗೆಯಲ್ಲೂ ನೀರಿರುವ ಬಾವಿ, ಸುತ್ತ ಕಲ್ಲಿನ ಮೆಟ್ಟಿಲು.

"ಈಜು ಕಲಿಯೋಕೆ ಈ ವಯಸ್ಸಿನಲ್ಲಿ..." ಎಂದೆ.

"ನಿಂದು ನಲವತ್ತಮೂರು. ನಂದೆಷ್ಟು?" ಎಂದರು. ಮಾತು ಮುಗಿಯಿತು.

ಐದು ಲೀಟರಿನ ಖಾಲಿ ಎಣ್ಣೆ ಕ್ಯಾನನ್ನು ಹಳೆಯ ಸೀರೆಯ ಚೂರಿನಿಂದ ನನ್ನ ಬೆನ್ನಿಗೆ ಕಟ್ಟಿದರು. ನಯನಾಳ ಹಳೆಯ ಚೂಡಿದಾರ ಹಾಕಿಕೊಂಡು ನಾನು ಇಳಿದೆ. ಮೇಲೆ ಕಟ್ಟೆಯ ಮೇಲೆ ಮಗುವನ್ನು ಎತ್ತಿಕೊಂಡು ಯತೀಶ ಕೂತಿದ್ದ. "ನೀನು ಅತ್ಲಾಗಿ ತಿರುಗ್ಲಾ" ಎಂದು ಅವನಿಗೆ ಗದರಿದರು. ನನ್ನ ಗಲ್ಲದ ಕೆಳಗೆ ಅಂಗೈ ಕೊಟ್ಟು, "ಕಾಲು ಬಡಿ. ಕಪ್ಪೆ ಓಯ್ತದಲ್ಲ, ಅಂಗೆ. ಕತ್ತು ಬಿಗೀಬ್ಯಾಡ. ಉಸ್ರು ಬುಡು" ಎಂದು ಹೇಳುತ್ತ ಹೇಳುತ್ತ ಜೊತೆಗೇ ಈಜಿದರು. ಒಂದು ಗಂಟೆ. ಈ ದಡದಿಂದ ಆ ದಡ, ಆ ದಡದಿಂದ ಈ ದಡ. ನಡುವೆ ಮೆಟ್ಟಿಲ ಮೇಲೆ ಕೂರಿಸಿ ದಣಿವಾರಿಸಿ, ನನ್ನ ಸೆರಗಿಲ್ಲದ ಬೆನ್ನು ತಟ್ಟಿ, ಮತ್ತೆ ನೂಕಿದರು. ನೀರು ತಣ್ಣಗಿತ್ತು. ಬಾವಿಯ ಗೋಡೆಯಿಂದ ಗುಬ್ಬಿಗಳು ಹಾರುತ್ತಿದ್ದವು.

ಬಾವಿಯ ನಡುಮಧ್ಯದಲ್ಲಿದ್ದಾಗ ಮೇಲೆ ಮಗು ಕೇಕೆ ಹಾಕಿತು. ಡಬಡಬ ಸದ್ದು. ಮಗು ಯತೀಶನ ತೊಡೆಯ ಮೇಲೆ ಕೂತು ಎಣ್ಣೆ ಕ್ಯಾನನ್ನು ಎರಡೂ ಕೈಯಿಂದ ಬಡಿಯುತ್ತಿತ್ತು. ಅದನ್ನೇ ನೋಡುತ್ತ ಕೈಕಾಲು ಆಡಿಸುತ್ತಿದ್ದೆ. ಆಮೇಲೆ ಹೊಳೆಯಿತು, ಆ ಕ್ಯಾನು ನನ್ನ ಬೆನ್ನ ಮೇಲಿರಬೇಕಾಗಿತ್ತು. ಯಾವಾಗ ಬಿಚ್ಚಿದರೋ!

ಅತ್ತೆ ಎದುರು ದಡದ ಮೆಟ್ಟಿಲಿನ ಮೇಲೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಯಾಕೆ ನಿಂತ್ಬುಟ್ಟೆ? ಬಾ" ಎಂದರು.

ಹೋದೆ.